ಬೆಳ್ಳಾವಿಯ ಬಂಗಾರದ ಕ್ಯಾಮೆರಾ!

"ನೂರು ಕೋಟಿ ಕ್ಯಾಮೆರಾ ಅಂತ ಬರೆದಿದ್ದೆಯಲ್ಲೋ, ಅಂಥದ್ದು ನನ್ನ ಬೀರುವಲ್ಲೇ ಐತೆ! ಅಪ್ಪಟ ಚಿನ್ನದ್ದು! ಬೇಗ ಬಾ..."

ಬೆಳ್ಳಾವಿಯಿಂದ ಮಾವನ ಫೋನು. ದನಿಯಲ್ಲಿ ಮೊದಲ ದಿನ ಮೊದಲ ಆಟಕ್ಕೆ ಟಿಕೆಟ್ ಸಿಕ್ಕಿದ ಹುಡುಗನ ಸಂಭ್ರಮ. ನನಗೋ ಎದೆ ಧಸಕ್ಕೆಂದಿತು. ಏಕೆಂದರೆ ಈ ಕಥೆಗೆ ಕಡ್ಡಿ ಗೀರಿದವನು ನಾನೇ!

ನಡೆದದ್ದಿಷ್ಟು. ಒಂದು ವಾರ ಪುಟದ ಮೂಲೆಯಲ್ಲಿ ಹತ್ತು ಸಾಲಿನ ಜಾಗ ಖಾಲಿ ಬಿತ್ತು. 2022ರ ಜೂನ್ ತಿಂಗಳಲ್ಲಿ ಜರ್ಮನಿಯ ವೆಟ್ಸ್ಲಾರ್ ಊರಿನ ಹರಾಜಿನಲ್ಲಿ ಒಂದು ಹಳೇ ಲೈಕಾ ಕ್ಯಾಮೆರಾ 1 ಕೋಟಿ 44 ಲಕ್ಷ ಯೂರೋಗೆ ಹೋಗಿತ್ತಲ್ಲ, ಆ ಸುದ್ದಿಯನ್ನೇ ಬರೆದುಕೊಟ್ಟೆ. ನಮ್ಮ ರೂಪಾಯಿಯಲ್ಲಿ ನೂರು ಕೋಟಿಗೂ ಮೇಲೆ! ಸಾಲದ್ದಕ್ಕೆ 'ಚಿನ್ನದ ಲೈಕಾಗಳಿಗೂ ಭಾರೀ ಬೇಡಿಕೆ' ಎಂದು ಕೊನೆಗೆ ಒಂದು ಸಾಲು ಒಗ್ಗರಣೆ ಹಾಕಿದೆ. ಬಸ್ ಸ್ಟ್ಯಾಂಡಿನಲ್ಲಿ ಓದಿ ಮರೆಯುವ ಸುದ್ದಿ ಅಂದುಕೊಂಡಿದ್ದೆ. ಮಾವ ಮರೆತಿರಲಿಲ್ಲ. ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದರು!

ಹತ್ತು ಸಾಲು ಬರೆದ ತಪ್ಪಿಗೆ ಈಗ ಪೂರ್ತಿ ಕಥೆ ಬರೆಯುತ್ತಿದ್ದೇನೆ. ಓದಿ ಗೆಳೆಯರೇ.

ಸುಲೋಚನೆಯ ಊರು

ತುಮಕೂರಿನಲ್ಲಿ ಬಸ್ ಹತ್ತಿದೆ. ಬೆಳ್ಳಾವಿ ಅಂದರೆ ಏನೋ ಒಂದು ಹೋಬಳಿ ಊರು ಅಂತ ಮೂಗು ಮುರಿಯಬೇಡಿ. ಕನ್ನಡ ಚಿತ್ರರಂಗ ಮಾತು ಕಲಿತದ್ದರಲ್ಲಿ ಈ ಊರಿನ ಪಾಲಿದೆ! 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ಮೊಟ್ಟಮೊದಲ ಕನ್ನಡ ಟಾಕಿ 'ಸತಿ ಸುಲೋಚನ'ಕ್ಕೆ ಮಾತು, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಊರ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹೊತ್ತು ಮೆರೆಸಿದ ನಾಟಕಕಾರರು. ಪಕ್ಕದ ಗುಬ್ಬಿಯ ವೀರಣ್ಣನವರ ಹೆಸರನ್ನಂತೂ ಹೇಳುವುದೇ ಬೇಡ. ಅವರ ಸಂಸ್ಥೆಯ 'ಬೇಡರ ಕಣ್ಣಪ್ಪ' 1954ರಲ್ಲಿ ನಮ್ಮ ಅಣ್ಣಾವ್ರನ್ನು ನಾಯಕನಾಗಿ ನಾಡಿಗೆ ಕೊಟ್ಟಿತು.

ಇಂಥ ಸೀಮೆಯಲ್ಲಿ ಮಾವ 1978ರಲ್ಲಿ ಸ್ಟುಡಿಯೋ ತೆರೆದರು. ಒಂದು ಅಂಕಣದ ಕೋಣೆ, ಹಿಂದುಗಡೆ ಡಾರ್ಕ್ ರೂಮು, ಗೋಡೆ ಮೇಲೆ ಬೆಟ್ಟ-ನದಿ ಬರೆದ ಪರದೆ. ಮದುವೆ, ನಾಮಕರಣ, ಜಾತ್ರೆ, ಪೌರಾಣಿಕ ನಾಟಕ, ಎಲ್ಲದಕ್ಕೂ ಇವರೇ. ಮೊಬೈಲು ಬಂದಮೇಲೆ ಸ್ಟುಡಿಯೋ ಜೆರಾಕ್ಸ್ ಅಂಗಡಿಯಾಯಿತು. ಈಗ ಮಾವನಿಗೆ 72.

ನನ್ನನ್ನೇ ಯಾಕೆ ಕರೆದರು ಅಂದರೆ, ಪಿಯುಸಿಗೆ ಶರಣು ಹೊಡೆದ ಮೇಲೆ ನಾನು ಎರಡು ವರ್ಷ ಬೆಂಗಳೂರಿನ ಒಂದು ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ತಿರುಪು ಬಿಚ್ಚಿದವನು. "ನಮ್ಮ ಹುಡುಗ ನೋಡಿ ಹೂಂ ಅಂದ್ರೆ ಸಾಕು" ಅನ್ನುವುದು ಮಾವನ ನಂಬಿಕೆ. ಆ 'ಹೂಂ' ಎಷ್ಟು ದುಬಾರಿಯಾಗಬಹುದಿತ್ತು ಅನ್ನುವುದು ಅಲ್ಲಿಗೆ ಹೋದಮೇಲೆ ಗೊತ್ತಾಯಿತು.

ರೇಷ್ಮೆ ಬಟ್ಟೆಯೊಳಗಿನ ಹೀರೋ

ಮಾವ ಬಾಗಿಲು ಓರೆ ಮಾಡಿ, ಬೀರು ತೆಗೆದು, ರೇಷ್ಮೆ ಬಟ್ಟೆಯ ಗಂಟು ಬಿಚ್ಚಿದರು. ಫಳ್ ಅಂತ ಹೊಳೆಯಿತು! ಅಂಗೈ ಅಗಲದ ಕ್ಯಾಮೆರಾ. ಹೊಂಬಣ್ಣದ ಮೈ, ಹಾವಿನ ಚರ್ಮದಂಥ ಕೆಂಪು ಹೊದಿಕೆ, ನೆತ್ತಿಯ ಮೇಲೆ 'ಲೈಕಾ' ಎಂಬ ಓರೆ ಅಕ್ಷರ, ಅದರ ಪಕ್ಕ '1936 ಬರ್ಲಿನ್ ಒಲಿಂಪಿಕ್' ಎಂಬ ಕೆತ್ತನೆ. ಸಿನಿಮಾದಲ್ಲಿ ಖಳನಾಯಕ ಪೆಟ್ಟಿಗೆ ತೆರೆದಾಗ ಮುಖದ ಮೇಲೆ ಹಳದಿ ಬೆಳಕು ಬೀಳುತ್ತದಲ್ಲ, ಹಾಗೆ!

"1994ರಲ್ಲಿ ತಗೊಂಡಿದ್ದು. ಬೆಂಗಳೂರಲ್ಲಿ ಒಬ್ಬ ತಂದಿದ್ದ. ವಿದೇಶದಿಂದ ಬಂದ ಮಾಲು, ಕಷ್ಟಕ್ಕೆ ಮಾರ್ತಿದೀನಿ ಅಂದ. ಹದಿನೆಂಟು ಸಾವಿರ ಕೊಟ್ಟೆ."

1994ರ ಹದಿನೆಂಟು ಸಾವಿರ! ಕಾಫಿ ತಂದ ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು: "ನನ್ನ ಎರಡು ಬಳೆ ಅಡ ಇಟ್ಟು ತಂದಿದ್ದು ಕಣಪ್ಪ. ಬಳೆ ವಾಪಸ್ ಬರಲಿಲ್ಲ. ಇದು ಮಾತ್ರ ಹಾಯಾಗಿ ಬೀರುವಲ್ಲಿ ಮಲಗೈತೆ."

"ಈಗ ಬಳೆ ಅಲ್ವೇ, ಡಾಬೇ ಮಾಡಿಸ್ತೀನಿ ಬಿಡೇ!" ಅಂದರು ಮಾವ.

ಆಮೇಲೆ ಬಂತು ನಿಜವಾದ ವಿಷಯ. ಮೊಬೈಲಿನಲ್ಲಿ ಪರಿಚಯವಾದ ಒಬ್ಬ ಏಜೆಂಟ್, ಈ ಕ್ಯಾಮೆರಾವನ್ನು ವಿದೇಶದ ಹರಾಜಿಗೆ ಹಾಕಿಸಿಕೊಡುತ್ತೇನೆ ಎಂದಿದ್ದಾನೆ. ಅದಕ್ಕೆ ಮೊದಲು ಸರ್ಟಿಫಿಕೇಟಿಗೆ, ಇನ್ಶೂರೆನ್ಸಿಗೆ ಎಂದು ತೊಂಬತ್ತು ಸಾವಿರ ಕಟ್ಟಬೇಕಂತೆ! ಮಾವನ ಕೈಯಲ್ಲಿ ಅಷ್ಟು ದುಡ್ಡಿಲ್ಲ. ಹಾಗಾಗಿ ತೆಂಗಿನ ತೋಟದ ಎರಡು ವರ್ಷದ ಫಸಲನ್ನು ಗುತ್ತಿಗೆಗೆ ಕೊಡಲು ಮಾತಾಗಿದೆ. ಸಾಬರು ಸಂಜೆ ಐದಕ್ಕೆ ಮುಂಗಡ ಹಿಡಿದು ಬರುತ್ತಾರೆ. ನಾನು ಗಡಿಯಾರ ನೋಡಿದೆ. ಎರಡೂವರೆ.

ಚಿನ್ನದ ಅಂಗಿ ತೊಟ್ಟ ಕ್ಯಾಮೆರಾಗಳು

ಇಲ್ಲಿ ಒಂದು ಇಂಟರ್ವಲ್ ಬಿಡೋಣ. ಚಿನ್ನದ ಕ್ಯಾಮೆರಾ ಅನ್ನುವುದು ಬರೀ ಕಟ್ಟುಕಥೆಯೇ? ಖಂಡಿತ ಅಲ್ಲ!

ಲೈಕಾದ ಹುಟ್ಟೇ ಸಿನಿಮಾದಿಂದ. ಲೀಟ್ಸ್ ಕಂಪನಿಯ ಮೆಕ್ಯಾನಿಕ್ ಆಸ್ಕರ್ ಬಾರ್ನಾಕ್ ಎಂಬಾತ, ದಪ್ಪ ಪೆಟ್ಟಿಗೆಯ ಕ್ಯಾಮೆರಾ ಹೊತ್ತು ಸುಸ್ತಾಗಿ, ಸಿನಿಮಾದ 35 ಎಂ.ಎಂ. ರೀಲನ್ನೇ ಸ್ಟಿಲ್ ಕ್ಯಾಮೆರಾಕ್ಕೆ ಹಾಕಿದರೆ ಹೇಗೆ ಎಂದು ಯೋಚಿಸಿದ. ಸಿನಿಮಾದ ಒಂದು ಫ್ರೇಮು 18 x 24 ಮಿಲಿಮೀಟರು. ಎರಡು ಫ್ರೇಮು ಸೇರಿಸಿ 24 x 36 ಮಾಡಿದ. 1914ರ ಹೊತ್ತಿಗೆ ಮಾದರಿ ಸಿದ್ಧವಾಯಿತು. 1925ರಲ್ಲಿ ಲೈಪ್ಜಿಗ್ ಮೇಳದಲ್ಲಿ ಮಾರಾಟಕ್ಕೆ ಬಂತು. ಮುಂದೆ ನಮ್ಮ ಮದುವೆ ಮನೆಗಳಲ್ಲಿ ಮಿಂಚಿದ 36 ಫೋಟೋದ ರೀಲೆಲ್ಲ ಆ ಸಿನಿಮಾ ರೀಲಿನ ಮಕ್ಕಳೇ.

ಹೆಸರು ಬಂದಮೇಲೆ ಶೋಕಿಯೂ ಬಂತು. 1929ರ ಸುಮಾರಿಗೆ ಕಂಪನಿ 'ಲಕ್ಸಸ್' ಎಂಬ ಸ್ಪೆಷಲ್ ಮಾದರಿ ತಂದಿತು. ಚಿನ್ನದ ಲೇಪ, ಹಲ್ಲಿ-ಹಾವಿನ ಚರ್ಮದ ಹೊದಿಕೆ. ಮಾಡಿದ್ದು ಸುಮಾರು 95 ಅಷ್ಟೇ. 1979ರಲ್ಲಿ ಬಾರ್ನಾಕ್ ಹುಟ್ಟಿ ನೂರು ವರ್ಷವಾದ ನೆನಪಿಗೆ 'ಎಂ4-2' ಮಾದರಿಯಲ್ಲಿ 1000 ಚಿನ್ನದ ಕ್ಯಾಮೆರಾ ಹೊರಬಂದವು. ಜಪಾನಿನ ನಿಕಾನ್ ಸುಮ್ಮನಿರುತ್ತದೆಯೇ? 1984ರಲ್ಲಿ 'ಎಫ್ಎ ಗೋಲ್ಡ್' ಎಂದು 2000 ಬಿಟ್ಟಿತು.

ಇಂಥವಕ್ಕೆ ನಂಬರು ಇರುತ್ತದೆ, ಸರ್ಟಿಫಿಕೇಟ್ ಇರುತ್ತದೆ, ಚೆಂದದ ಪೆಟ್ಟಿಗೆ ಇರುತ್ತದೆ. ಒಳಗಿನ ಯಂತ್ರ ಮಾತ್ರ ಮಾಮೂಲಿ ಕ್ಯಾಮೆರಾದ್ದೇ! ಹೀರೋ ಅವನೇ, ಕಾಸ್ಟ್ಯೂಮ್ ಬೇರೆ. ಇನ್ನೂ ತಮಾಷೆ ಕೇಳಿ. ಇವನ್ನು ಕೊಂಡವರು ಫೋಟೋ ತೆಗೆಯುವುದಿಲ್ಲ. ರೀಲು ಹಾಕಿದರೆ ಗೀರು ಬೀಳುತ್ತದೆ, ಬೆಲೆ ಇಳಿಯುತ್ತದೆ! ಷಟರ್ ಒಮ್ಮೆಯೂ ಒತ್ತದೆ, ಪೆಟ್ಟಿಗೆ-ಕಾಗದ ಸಮೇತ ಇದ್ದರೆ ಹೆಚ್ಚು ಬೆಲೆ. 2011ರ ಹೊತ್ತಿಗೆ ಆರಿ, ಪ್ಯಾನಾವಿಷನ್ನಂಥ ಘಟಾನುಘಟಿಗಳೇ ಹೊಸದಾಗಿ ಫಿಲಂ ಸಿನಿಮಾ ಕ್ಯಾಮೆರಾ ತಯಾರಿಸುವುದನ್ನು ನಿಲ್ಲಿಸಿದವು. ಫಿಲಂ ಕಾಲ ಮುಗಿಯುತ್ತ ಬಂದಂತೆ ಹಳೇ ಕ್ಯಾಮೆರಾಗಳ ಮೇಲಿನ ಮೋಹ ಇನ್ನಷ್ಟು ಏರಿತು.

ಬೆಲೆ ಇದ್ದ ಕಡೆ ಡೂಪ್ಲಿಕೇಟ್ ಇಲ್ಲದೆ ಇರುತ್ತದೆಯೇ? ಸೋವಿಯತ್ ಒಕ್ಕೂಟದಲ್ಲಿ ಲೈಕಾ ನೋಡಿಕೊಂಡೇ 1934ರಿಂದ 'ಫೆಡ್', 1948ರಿಂದ 'ಝೋರ್ಕಿ' ಎಂಬ ಕ್ಯಾಮೆರಾ ತಯಾರಿಸಿದರು. ಅವು ಕೆಟ್ಟ ಕ್ಯಾಮೆರಾಗಳಲ್ಲ, ಫೋಟೋ ಚೆನ್ನಾಗಿಯೇ ಬರುತ್ತಿತ್ತು. ಆದರೆ 1991ರಲ್ಲಿ ಸೋವಿಯತ್ ಒಡೆದ ಆಸುಪಾಸಿನಲ್ಲಿ ಚಾಲಾಕಿಗಳು ಈ ಹಳೇ ಮಾಲಿನ ಹೆಸರು ಉಜ್ಜಿ ಅಳಿಸಿ, 'ಲೈಕಾ' ಎಂದು ಕೆತ್ತಿ, ಹೊಂಬಣ್ಣ ಕೊಟ್ಟು, ಒಲಿಂಪಿಕ್ಕೋ ಹಿಟ್ಲರನ ಸೈನ್ಯವೋ ಅಂತ ಒಂದು ಮುದ್ರೆ ಒತ್ತಿ ಲೋಕಕ್ಕೆಲ್ಲ ಹಂಚಿದರು.

ಮಾವ ಕೊಂಡದ್ದು 1994ರಲ್ಲಿ ಅಂದೆನಲ್ಲ... ನನ್ನ ಕಾಫಿ ಆರಿಹೋಗಿತ್ತು.

ಒಂದು ಪುಟ್ಟ ಚಕ್ರದ ತೀರ್ಪು

ಮೊದಲ ಅನುಮಾನ ಮುಖ ನೋಡಿದಾಗಲೇ ಬಂದಿತ್ತು. ಆ ಹಳೇ ಲಕ್ಸಸ್ ಲೈಕಾದಲ್ಲಿ ದೂರ ಅಳೆಯುವ ಕಿಟಕಿಗಳು ಇರಲಿಲ್ಲ. ದೂರಮಾಪಕ ಮೈಯೊಳಗೇ ಸೇರಿದ್ದು 1932ರ ಲೈಕಾ-2 ಮಾದರಿಯಿಂದ. ಮಾವನ ಕ್ಯಾಮೆರಾದ ಹಣೆಯಲ್ಲಿ ಮೂರು ಕಿಟಕಿ! ಅಂದರೆ ಇದು ಆ 95ರ ಗುಂಪಿನದ್ದಂತೂ ಅಲ್ಲ.

ಆದರೂ ಆಸೆ ಯಾರನ್ನು ಬಿಟ್ಟಿದೆ? ಬೇರೆ ಯಾವುದಾದರೂ ಅಸಲಿ ಲೈಕಾ ಇರಬಹುದೇನೋ ಅಂದುಕೊಂಡು ಲೆನ್ಸನ್ನು ಹಿಡಿದು ಎಡಕ್ಕೆ ತಿರುಗಿಸಿದೆ. ತಿರುಪಿನ ಲೆನ್ಸು, ಬಿಚ್ಚಿಕೊಂಡಿತು. ಒಳಗೆ ಟಾರ್ಚ್ ಬಿಟ್ಟೆ. ಲೆನ್ಸಿನ ಬೆನ್ನಿಗೆ ತಾಗಿ, ಅದು ಹಿಂದೆ ಮುಂದೆ ಸರಿದಂತೆ ದೂರಮಾಪಕವನ್ನು ಆಡಿಸುವ ಒಂದು ಪುಟ್ಟ ತೋಳಿದೆ. ಅಸಲಿ ಲೈಕಾದಲ್ಲಿ ಆ ತೋಳಿನ ತುದಿಗೆ ಉರುಳುವ ಪುಟ್ಟ ಚಕ್ರ ಇರುತ್ತದೆ. ಫೆಡ್, ಝೋರ್ಕಿಗಳಲ್ಲಿ ಚಕ್ರ ಇಲ್ಲ, ಚಪ್ಪಟೆ ತುಂಡು. ಕೆತ್ತನೆ ಬದಲಾಯಿಸಬಹುದು, ಬಣ್ಣ ಬದಲಾಯಿಸಬಹುದು, ಒಳಗಿನ ಈ ತೋಳನ್ನು ಬದಲಾಯಿಸುವ ಗೋಜಿಗೆ ಆ ಖದೀಮರು ಹೋಗಲಿಲ್ಲ.

ಟಾರ್ಚಿನ ಬೆಳಕಿನಲ್ಲಿ ಕಂಡದ್ದು ಚಪ್ಪಟೆ ತುಂಡು.

"ಏನ್ಲಾ, ಬಾಯಿಗೆ ಬೀಗ ಬಿತ್ತಾ?" ಅಂದರು ಮಾವ.

ಒಂದು ಕ್ಷಣ ಸುಳ್ಳು ಹೇಳೋಣ ಅನ್ನಿಸಿದ್ದು ನಿಜ. 'ಇನ್ನೊಬ್ಬರಿಗೆ ತೋರಿಸೋಣ' ಅಂತ ಜಾರಿಕೊಳ್ಳಬಹುದಿತ್ತು. ಆದರೆ ಐದಕ್ಕೆ ಸಾಬರು ಬರುತ್ತಾರೆ. ಎರಡು ವರ್ಷದ ಫಸಲು ಹೋಗುತ್ತದೆ. ಗೋಡೆಯ ಮೇಲೆ ನನ್ನ ಹತ್ತು ಸಾಲು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

"ಮಾವ, ಇದು ಲೈಕಾ ಅಲ್ಲ. ರಷ್ಯಾದ ಕ್ಯಾಮೆರಾ. ಚಿನ್ನವೂ ಅಲ್ಲ, ಹಿತ್ತಾಳೆಗೆ ಕೊಟ್ಟಿರೋ ಮೆರುಗು. ಇದನ್ನೂ ಕೊಳ್ಳೋರು ಇದ್ದಾರೆ, ಆದ್ರೆ ಸಾವಿರದ ಲೆಕ್ಕದಲ್ಲಿ. ಕೋಟಿ ಲಕ್ಷದ ಮಾತೇ ಇಲ್ಲ. ಆ ಏಜೆಂಟ್‌ಗೆ ಒಂದು ಪೈಸೆ ಕಳಿಸಬೇಡಿ. ನಾನು ಪೇಪರ್ನಲ್ಲಿ ಬರೆದದ್ದೂ ತಪ್ಪು."

ಮಾವ ಮಾತಾಡಲಿಲ್ಲ. ಟಾರ್ಚ್ ಇಸಿದುಕೊಂಡು ತಾವೇ ಒಳಗೆ ನೋಡಿದರು. ನಾನು ಹೇಳಿದ್ದು ಅವರಿಗೆ ಅರ್ಥವಾಗುತ್ತಿತ್ತು. ನಲವತ್ತು ವರ್ಷ ಕ್ಯಾಮೆರಾ ಹಿಡಿದ ಕೈ ಅಲ್ಲವೇ? ಕೊನೆಗೆ ಮೆಲ್ಲಗೆ ಅಂದರು: "ಇದ್ರಲ್ಲಿ ಎರಡು ರೀಲು ಹಾಕಿ ನೋಡಿದ್ದೆ ಕಣೋ. ಎರಡರಲ್ಲೂ ಬೆಳಕು ಸೋರಿತ್ತು. ಆವತ್ತೇ ಅನುಮಾನ ಬಂದಿತ್ತು. ಯಾರ ಹತ್ರಾನೂ ಹೇಳಲಿಲ್ಲ. ಹೇಳಿದ್ರೆ ಬಳೆ ವಿಷಯ ಬರ್ತದಲ್ಲ..."

ಅತ್ತೆ ಒಳಗಿನಿಂದಲೇ ಅಂದರು: "ಚಿನ್ನ ಕೊಟ್ಟು ಚಿನ್ನದ ಬಣ್ಣ ತಂದ ಪುಣ್ಯಾತ್ಮ! ಹೋಗ್ಲಿ, ತೋಟ ಉಳೀತಲ್ಲ. ಸಾಬರಿಗೆ ಫೋನ್ ಮಾಡಿ, ಬರಬೇಡಿ ಅನ್ನಿ."

ಬೈಗುಳ ಅಷ್ಟಕ್ಕೇ ಮುಗಿಯಿತು. ಮಾವ ಫೋನ್ ಮಾಡಿದರು.

ಅಜ್ಜಿ ಒಪ್ಪದ ಫೋಟೋ

ಹೊರಡೋಣ ಎಂದು ಎದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹುಡುಗ. ಇಪ್ಪತ್ತರ ಪ್ರಾಯ, ತಲೆ ಬೋಳಿಸಿತ್ತು.

"ಅಣ್ಣೋ, ನಮ್ಮ ತಾತ ಹೋಗ್ಬಿಟ್ರು. ನಾಡಿದ್ದು ಹನ್ನೊಂದನೇ ದಿನ. ಒಂದು ಫೋಟೋನೂ ಇಲ್ಲ. ಆಧಾರ್ ಕಾರ್ಡ್‌ದು ದೊಡ್ಡದು ಮಾಡಿಸಿದ್ವಿ. ಅಜ್ಜಿ ನೋಡಿ ಅಳ್ತಾವ್ಳೆ, 'ಇದು ನನ್ನ ಗಂಡ ಅಲ್ಲ' ಅಂತ."

ಮಾವ ಯಾವ ಊರು, ಯಾರ ಮನೆ ಅಂತ ಕೇಳಿದರು. ತಾತ ಯಾವುದಾದರೂ ನಾಟಕ ಕಟ್ಟಿದ್ದರಾ ಅಂದರು. "ಹೂಂ, ಕುರುಕ್ಷೇತ್ರದಲ್ಲಿ ಭೀಮ ಆಗಿದ್ರಂತೆ." ಮಾವ ಅಟ್ಟದಿಂದ ಒಂದು ದಪ್ಪ ನೋಟ್ ಬುಕ್ ಇಳಿಸಿದರು. ಇಸವಿ, ಊರು, ರೀಲಿನ ನಂಬರು, ಎಲ್ಲ ಮಸಿಯಲ್ಲಿ ಬರೆದಿಟ್ಟಿದ್ದರು. ಬೀರುವಿನ ಕೆಳಗಿನ ಖಾನೆ ಎಳೆದರೆ ಬಿಸ್ಕತ್ ಡಬ್ಬಗಳ ಸಾಲು. ಹತ್ತು ನಿಮಿಷ. 1986ರ ಜಾತ್ರೆಯ ನಾಟಕ. ಒಂದು ನೆಗೆಟಿವ್ ಪಟ್ಟಿ ಕೈಗೆ ಬಂತು.

ಬೆಳಕಿನ ಗಾಜಿನ ಪೆಟ್ಟಿಗೆಯ ಮೇಲಿಟ್ಟು, ನಾನು ಮೊಬೈಲಿನಲ್ಲಿ ಹಿಡಿದು, ಕಪ್ಪನ್ನು ಬಿಳಿ ಮಾಡಿದೆ. ಗದೆ ಹೊತ್ತು, ಮೀಸೆ ತಿರುವಿ ನಿಂತ ಭೀಮ! ಪಕ್ಕದ ಫ್ರೇಮಿನಲ್ಲಿ ಅದೇ ಮನುಷ್ಯ ಬಣ್ಣ ಒರೆಸಿಕೊಂಡು, ಬೀಡಿ ಹಿಡಿದು, ಪಕ್ಕದಲ್ಲಿ ನಿಂತ ಹೆಂಡತಿಯನ್ನು ನೋಡಿ ನಗುತ್ತಿದ್ದಾನೆ. ಹುಡುಗ ಬಹಳ ಹೊತ್ತು ನೋಡಿದ. "ನನ್ನ ಥರಾನೇ ಅವ್ರೆ" ಅಂದ. ಐನೂರು ರೂಪಾಯಿ ತೆಗೆದ. ಮಾವ ನೂರು ಇಟ್ಟುಕೊಂಡು ಮಿಕ್ಕದ್ದು ವಾಪಸ್ ಕೊಟ್ಟರು.

"ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಮಾವ?"

ಮಾವ ಬೀರುವಿನ ಮೂಲೆ ತೋರಿಸಿದರು. ಚರ್ಮ ಕಿತ್ತುಹೋದ, ಎರಡು ಕಣ್ಣಿನ ಯಾಷಿಕಾ ಮ್ಯಾಟ್. ಒಂದು ರೀಲಿಗೆ ಹನ್ನೆರಡೇ ಫೋಟೋ. ಅದರ ಪಕ್ಕ ಬರೋಡಾದಲ್ಲಿ ತಯಾರಾದ, ಒಂದು ಕಾಲದಲ್ಲಿ ಊರೂರಿನಲ್ಲೂ ಇದ್ದ ಆಗ್ಫಾ ಕ್ಲಿಕ್-3. ಅವಕ್ಕೆ ರೇಷ್ಮೆ ಬಟ್ಟೆಯಿಲ್ಲ, ಹಳೇ ಬನೀನಿನ ತುಂಡು. ಒಳಗೆ ಓಡಿದ್ದ ರೀಲುಗಳಲ್ಲಿ ಎಷ್ಟೋ ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ 'ಇಂದು' ಬ್ರ್ಯಾಂಡಿನವು. ಆ ಕಾರ್ಖಾನೆಯೂ ಬಾಗಿಲು ಹಾಕಿತು. ನೆಗೆಟಿವ್ ಉಳಿದಿದೆ.

ನಾನು ಬರೆಯದೆ ಬಿಟ್ಟ ಸಾಲು

ಈಗ ಆ ಹತ್ತು ಸಾಲಿನಲ್ಲಿ ನಾನು ಬಿಟ್ಟಿದ್ದನ್ನು ಹೇಳುತ್ತೇನೆ. ನೂರು ಕೋಟಿಯ ಆ ಲೈಕಾ ಚಿನ್ನದ್ದಲ್ಲ! ಮಾರಾಟಕ್ಕೆ ಬಿಡುವ ಮೊದಲು, 1923ರ ಸುಮಾರಿನಲ್ಲಿ ಪರೀಕ್ಷೆಗೆಂದು ಮಾಡಿದ ಸುಮಾರು ಎರಡು ಡಜನ್ ಕ್ಯಾಮೆರಾಗಳಲ್ಲಿ ಅದೊಂದು, ನಂಬರ್ 105. ಕಪ್ಪು ಬಣ್ಣ ಸವೆದು ಹಿತ್ತಾಳೆ ಕಾಣುತ್ತದೆ. ನೆತ್ತಿಯ ಮೇಲೆ ಆಸ್ಕರ್ ಬಾರ್ನಾಕ್ ಹೆಸರು ಕೆತ್ತಿದೆ. ಅದನ್ನು ಮಾಡಿದವನೇ ಕೈಯಲ್ಲಿ ಹಿಡಿದು ಓಡಾಡಿ, ಮನೆಮಂದಿಯ ಫೋಟೋ ತೆಗೆದ ಕ್ಯಾಮೆರಾ ಅದು. ಸವೆದದ್ದಕ್ಕೇ ಆ ಬೆಲೆ!

2011ರಲ್ಲಿ ಅಮೆರಿಕದ ಹರಾಜಿನಲ್ಲಿ ಒಂದು ಪ್ಯಾನಾವಿಷನ್ ಸಿನಿಮಾ ಕ್ಯಾಮೆರಾ 6 ಲಕ್ಷ 25 ಸಾವಿರ ಡಾಲರಿಗೆ ಹೋಯಿತು. ಅದಕ್ಕೂ ಚಿನ್ನದ ಲೇಪವಿರಲಿಲ್ಲ. ಜಾರ್ಜ್ ಲ್ಯೂಕಾಸ್ 1977ರ 'ಸ್ಟಾರ್ ವಾರ್ಸ್' ಚಿತ್ರೀಕರಣಕ್ಕೆ ಬಳಸಿದ್ದರು, ಅಷ್ಟೇ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್'ನಲ್ಲಿ ಆ ಹೆಸರಾಂತ ಬೆಳಕಿನ ಕೋಲು ಇಳಿಸಿದ್ದು ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು! ಛಾಯಾಗ್ರಾಹಕನೊಬ್ಬನಿಗೆ ಮೊದಲ ಬಾರಿಗೆ ಫಾಲ್ಕೆ ಪ್ರಶಸ್ತಿ ಸಂದದ್ದು ಅವರಿಗೇ, 2008ನೇ ಸಾಲಿನದ್ದು.

ಇನ್ನು 'ಸತಿ ಸುಲೋಚನ'? ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರೀಕರಣವಾಯಿತು. ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ, ನಿರ್ದೇಶನ ವೈ.ವಿ. ರಾವ್. ಇಷ್ಟೆಲ್ಲ ಗೊತ್ತು. ಆದರೆ ಚಿತ್ರದ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ! ಪುಣೆಯಲ್ಲಿ ರಾಷ್ಟ್ರೀಯ ಫಿಲಂ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ, ಮೂವತ್ತು ವರ್ಷ ತಡವಾಗಿ. ಬೆಳ್ಳಾವೆ ಶಾಸ್ತ್ರಿಗಳ ಮಾತನ್ನು ತೆರೆಯ ಮೇಲೆ ಕೇಳುವ ಭಾಗ್ಯ ನಮಗೂ ನಿಮಗೂ ಇಲ್ಲ.

ಆದ್ದರಿಂದ ಗೆಳೆಯರೇ, ಎರಡೇ ಮಾತು. ಒಂದು, ಮನೆಯಲ್ಲಿ ಚಿನ್ನದ ಲೈಕಾ ಸಿಕ್ಕಿದರೆ ಲೆನ್ಸ್ ಬಿಚ್ಚಿ ಆ ಪುಟ್ಟ ಚಕ್ರ ಹುಡುಕಿ. ಚಕ್ರ ಇದ್ದರೂ ತಿಳಿದವರಿಗೆ ತೋರಿಸಿ. ಮಾರುವುದಕ್ಕೆ ಮೊದಲೇ ನಿಮ್ಮಿಂದ ದುಡ್ಡು ಕೇಳುವವನ ಫೋನು ಕಟ್ ಮಾಡಿ. ಎರಡು, ಊರಿನ ಹಳೇ ಸ್ಟುಡಿಯೋದವರು ಇನ್ನೂ ಇದ್ದರೆ ಹೋಗಿ ನೆಗೆಟಿವ್ ಡಬ್ಬ ಎಲ್ಲಿದೆ ಕೇಳಿ. ಹುಳಿ ವಾಸನೆ, ವಿನಿಗರಿನ ಹಾಗೆ, ಬರುತ್ತಿದ್ದರೆ ಫಿಲಂ ಕೊಳೆಯಲು ಶುರುವಾಗಿದೆ ಎಂದರ್ಥ. ಅವನ್ನು ಬೇರೆ ಇಟ್ಟು, ಮೊದಲು ಅವನ್ನೇ ಮೊಬೈಲಿಗಾದರೂ ಇಳಿಸಿಕೊಳ್ಳಿ. ತೇವ, ಬಿಸಿಲು ತಾಗದ ಕಡೆ ಮಿಕ್ಕದ್ದನ್ನು ಇಡಿ.

ಸಂಜೆಯ ಬಸ್ಸಿಗೆ ಮಾವ ಬಂದು ಹತ್ತಿಸಿದರು. ಕೈಯಲ್ಲಿ ರೇಷ್ಮೆ ಬಟ್ಟೆಯ ಗಂಟು.

"ತಗೊಂಡೋಗೋ ಇದನ್ನ. ಸಿನಿಮಾದೋರ ಪರಿಚಯ ಐತಲ್ಲ ನಿನಗೆ. ಯಾವುದಾದ್ರೂ ಪಿಕ್ಚರ್‌ನಲ್ಲಿ ಕ್ಯಾಮೆರಾ ಒಡೆದುಹಾಕೋ ಸೀನ್ ಇದ್ರೆ ಕೊಡು. ಡೂಪ್ ಅಲ್ವಾ, ಡೂಪ್ ಕೆಲಸಕ್ಕೇ ಆಗ್ತದೆ!"

ಬಸ್ಸು ಹೊರಟಿತು. ಮಾವ ಸ್ಟುಡಿಯೋ ಕಡೆ ತಿರುಗಿದರು. ಆ ಹುಡುಗನ ತಾತನ ಫೋಟೋ ಪ್ರಿಂಟಿಗೆ ಬೆಳಿಗ್ಗೆಯೇ ತುಮಕೂರಿಗೆ ಕಳಿಸಬೇಕಿತ್ತು.